ನಾಜಿ ಜರ್ಮನಿ: ಅರ್ಥನೀತಿಗಾಗಿ ಇಲಾಖೆಗಳ ಕಾದಾಟ

ಸರ್ವಾಧಿಕಾರವೆಂದರೆ ಒಬ್ಬನ ಆಜ್ಞೆ, ಉಳಿದವರ ಪಾಲನೆ ಎಂಬುದು ಸಾಮಾನ್ಯ ನಂಬಿಕೆ. ಆದರೆ 1933ರಿಂದ 1945ರವರೆಗೆ ಹಿಟ್ಲರ್ ಆಳಿದ ಜರ್ಮನಿಯ ಆರ್ಥಿಕ ನೀತಿಯನ್ನು ಗಮನಿಸಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಆರ್ಥಿಕ ಸಚಿವಾಲಯ, ರೈಖ್ಸ್‌ಬ್ಯಾಂಕ್ ಎಂಬ ಕೇಂದ್ರ ಬ್ಯಾಂಕು, ಕೃಷಿ ಸಚಿವಾಲಯ, ಸೇನೆ, ನಾಜಿ ಪಕ್ಷದ ನಾಯಕರು ಹಾಗೂ ಎಸ್‌ಎಸ್ ಪಡೆ ಅಧಿಕಾರಕ್ಕಾಗಿ ಪರಸ್ಪರ ಸೆಣಸುತ್ತಿದ್ದವು. ಒಂದೇ ಕೆಲಸವನ್ನು ಇಬ್ಬರು ಮೂವರಿಗೆ ಒಪ್ಪಿಸುವುದು ಹಿಟ್ಲರನ ರೂಢಿಯಾಗಿತ್ತು. ಈ ಸ್ಥಿತಿಯನ್ನು ಇತಿಹಾಸಕಾರರು ‘ಬಹುಕೇಂದ್ರ ಆಡಳಿತ’ ಎಂದು ವಿವರಿಸಿದ್ದಾರೆ.

ಶಾಖ್ಟ್‌ನ ಹುಂಡಿಗಳು

ಯಾಲ್ಮಾರ್ ಶಾಖ್ಟ್ 1933ರ ಮಾರ್ಚ್‌ನಲ್ಲಿ ರೈಖ್ಸ್‌ಬ್ಯಾಂಕಿನ ಅಧ್ಯಕ್ಷನಾದ. 1934ರ ಆಗಸ್ಟ್‌ನಲ್ಲಿ ಆರ್ಥಿಕ ಸಚಿವಾಲಯದ ಹೊಣೆಯೂ ಅವನಿಗೇ ದೊರೆಯಿತು. ಶಸ್ತ್ರಾಸ್ತ್ರ ತಯಾರಿಕೆಗೆ ಗುಟ್ಟಾಗಿ ಹಣ ಒದಗಿಸಲು ಅವನು ಕಂಡುಕೊಂಡ ದಾರಿ ‘ಮೆಫೊ’ ಹುಂಡಿ. ಕೇವಲ 10 ಲಕ್ಷ ರೈಖ್ಸ್‌ಮಾರ್ಕ್ ಬಂಡವಾಳದ ಹೆಸರಿಗಷ್ಟೇ ಇದ್ದ ಕಂಪನಿಯೊಂದರ ಮೇಲೆ ಹುಂಡಿ ಬರೆಯಲಾಗುತ್ತಿತ್ತು, ರೈಖ್ಸ್‌ಬ್ಯಾಂಕು ಅದಕ್ಕೆ ಖಾತರಿ ನೀಡುತ್ತಿತ್ತು. ಈ ಸಾಲ ಬಜೆಟ್ಟಿನಲ್ಲಿ ಕಾಣಿಸುತ್ತಿರಲಿಲ್ಲ. 1938ರ ಹೊತ್ತಿಗೆ ಇಂತಹ ಹುಂಡಿಗಳ ಮೊತ್ತ ಸುಮಾರು 1,200 ಕೋಟಿ ರೈಖ್ಸ್‌ಮಾರ್ಕ್ ತಲುಪಿತ್ತು.

ವಿದೇಶಿ ವಿನಿಮಯದ ಕೊರತೆಯನ್ನು ಮಾತ್ರ ಹುಂಡಿ ನೀಗಿಸಲಾರದಾಯಿತು. 1935ರಲ್ಲಿ ಬೆಣ್ಣೆ, ಮಾಂಸಗಳಿಗೆ ತತ್ವಾರವಾಯಿತು. ಖಾದ್ಯ ಕೊಬ್ಬಿನ ಆಮದಿಗೆ ವಿನಿಮಯ ಬೇಕೆಂದು ಕೃಷಿ ಸಚಿವ ಡಾರೆ ಪಟ್ಟು ಹಿಡಿದ. ಶಸ್ತ್ರ ತಯಾರಿಕೆಯ ಕಚ್ಚಾವಸ್ತುಗಳಿಗೇ ಅದು ಸಾಲದೆಂದು ಶಾಖ್ಟ್ ವಾದಿಸಿದ. ಪಂಚಾಯಿತಿಗೆ ಹಿಟ್ಲರ್ ನೇಮಿಸಿದ್ದು ವಾಯುಪಡೆಯ ಮುಖ್ಯಸ್ಥ ಹರ್ಮನ್ ಗೋರಿಂಗ್‌ನನ್ನು. ಅವನು ಡಾರೆಯ ಪರವಾಗಿ ತೀರ್ಮಾನ ಕೊಟ್ಟ.

ಗೋರಿಂಗ್‌ನ ಪ್ರವೇಶ

1936ರ ಏಪ್ರಿಲ್‌ನಲ್ಲಿ ಕಚ್ಚಾವಸ್ತು ಮತ್ತು ವಿದೇಶಿ ವಿನಿಮಯದ ಅಧಿಕಾರವನ್ನು ಗೋರಿಂಗ್‌ಗೆ ವಹಿಸಲಾಯಿತು. ಪಕ್ಷದವರ ಕಾಟಕ್ಕೆ ಅವನು ಗುರಾಣಿಯಾಗುವನೆಂಬ ಲೆಕ್ಕಾಚಾರದಲ್ಲಿ ಶಾಖ್ಟ್ ಈ ನೇಮಕವನ್ನು ಸ್ವತಃ ಬೆಂಬಲಿಸಿದ್ದ. ಲೆಕ್ಕ ತಲೆಕೆಳಗಾಯಿತು. ಅದೇ ಆಗಸ್ಟ್‌ನಲ್ಲಿ ಹಿಟ್ಲರ್ ಟಿಪ್ಪಣಿಯೊಂದನ್ನು ಸಿದ್ಧಪಡಿಸಿದ: ನಾಲ್ಕು ವರ್ಷಗಳೊಳಗೆ ಸೇನೆಯೂ ಅರ್ಥವ್ಯವಸ್ಥೆಯೂ ಯುದ್ಧಕ್ಕೆ ಸಜ್ಜಾಗಬೇಕು. ದೇಶದ ಆರ್ಥಿಕ ಸಚಿವನಿಗೇ ಅದರ ಪ್ರತಿ ದೊರೆಯಲಿಲ್ಲ. ಅಕ್ಟೋಬರ್ 18ರಂದು ನಾಲ್ಕು ವರ್ಷಗಳ ಯೋಜನೆಯ ಸೂತ್ರ ಅಧಿಕೃತವಾಗಿ ಗೋರಿಂಗ್‌ನ ಕೈಸೇರಿತು.

ಕಲ್ಲಿದ್ದಲಿನಿಂದ ಪೆಟ್ರೋಲು, ಕೃತಕ ರಬ್ಬರು ತಯಾರಿಸಿ ಆಮದು ತಗ್ಗಿಸುವುದು ಈ ಯೋಜನೆಯ ತಿರುಳು. 1937ರ ಜುಲೈಯಲ್ಲಿ ಸಾಲ್ಜ್‌ಗಿಟ್ಟರ್‌ನ ಕಳಪೆ ಅದಿರನ್ನು ನೆಚ್ಚಿ ಗೋರಿಂಗ್‌ನ ಹೆಸರಿನಲ್ಲೇ ಸರ್ಕಾರಿ ಉಕ್ಕು ಉದ್ಯಮ ಸ್ಥಾಪನೆಯಾಯಿತು. ಖರ್ಚು ವಿಪರೀತವೆಂದು ಶಾಖ್ಟ್ ಮತ್ತು ಉಕ್ಕು ಉದ್ಯಮಿಗಳು ತಕರಾರೆತ್ತಿದರೂ ಫಲ ಸಿಗಲಿಲ್ಲ. ನವೆಂಬರ್‌ನಲ್ಲಿ ಶಾಖ್ಟ್ ಸಚಿವ ಪದವಿ ಕಳೆದುಕೊಂಡ. 1938ರ ಫೆಬ್ರುವರಿಯಲ್ಲಿ ಬಂದ ವಾಲ್ಟರ್ ಫುಂಕ್ ಗೋರಿಂಗ್‌ನ ನೆರಳಿನಲ್ಲೇ ಉಳಿದ.

ಎಚ್ಚರಿಕೆಗೆ ವಜಾ ಉತ್ತರ

1939ರ ಜನವರಿ 7ರಂದು ಶಾಖ್ಟ್ ಮತ್ತು ರೈಖ್ಸ್‌ಬ್ಯಾಂಕಿನ ನಿರ್ದೇಶಕರು ಹಿಟ್ಲರನಿಗೆ ಮನವಿ ಸಲ್ಲಿಸಿ, ಮಿತಿಯಿಲ್ಲದ ಸರ್ಕಾರಿ ವೆಚ್ಚ ಹಣದ ಬೆಲೆಯನ್ನೇ ಅಳಿಸಿಹಾಕುವುದೆಂದು ಎಚ್ಚರಿಸಿದರು. ಜನವರಿ 20ರಂದು ಶಾಖ್ಟ್ ವಜಾಗೊಂಡ. ಅದೇ ಜೂನ್‌ನಲ್ಲಿ ಹೊಸ ಕಾನೂನು ಬ್ಯಾಂಕನ್ನು ನೇರವಾಗಿ ಹಿಟ್ಲರನ ಅಧೀನಕ್ಕೆ ತಂದಿತು.

ಇಲಾಖೆಗಳ ಜಗಳ ಪ್ರಜಾಪ್ರಭುತ್ವದಲ್ಲೂ ಉಂಟು. ಆದರೆ ಅಲ್ಲಿ ಸಂಸತ್ತು, ಪತ್ರಿಕೆ, ನ್ಯಾಯಾಲಯಗಳು ವಾದವನ್ನು ಬಯಲಿಗೆ ತರುತ್ತವೆ. ಜರ್ಮನಿಯ ಸಚಿವ ಸಂಪುಟ 1938ರ ಫೆಬ್ರುವರಿಯ ಬಳಿಕ ಸಭೆ ಸೇರಲೇ ಇಲ್ಲ. ನಾಯಕನ ಬಳಿ ಯಾರಿಗೆ ಪ್ರವೇಶವುಂಟು ಎಂಬುದೇ ನೀತಿಯನ್ನು ನಿರ್ಧರಿಸಿತು. ನಾಯಕನ ಇಷ್ಟಕ್ಕೆ ವಿರುದ್ಧವಾದ ಲೆಕ್ಕ ಕೊಟ್ಟವರು ಹೊರನಡೆದರು.

ಜಗಳದ ಬೆಲೆ

ಯುದ್ಧ ಆರಂಭವಾದ ಮೇಲೂ ಪೈಪೋಟಿ ನಿಲ್ಲಲಿಲ್ಲ. 1942ರ ಫೆಬ್ರುವರಿಯಲ್ಲಿ ಆಲ್ಬರ್ಟ್ ಸ್ಪೀರ್ ಶಸ್ತ್ರಾಸ್ತ್ರ ಸಚಿವನಾದ. ಮಾರ್ಚ್‌ನಲ್ಲಿ ಕಾರ್ಮಿಕರನ್ನು ಒದಗಿಸುವ ಅಧಿಕಾರ ಫ್ರಿಟ್ಸ್ ಸೌಕೆಲ್‌ಗೆ ದೊರೆಯಿತು. ಫ್ರಾನ್ಸಿನ ಕಾರ್ಮಿಕರನ್ನು ಅಲ್ಲಿನ ಕಾರ್ಖಾನೆಗಳಲ್ಲೇ ದುಡಿಸಬೇಕೆಂಬುದು 1943ರಲ್ಲಿ ಸ್ಪೀರ್‌ನ ನಿಲುವು. ಜರ್ಮನಿಗೆ ಎಳೆತರಬೇಕೆಂಬುದು ಸೌಕೆಲ್‌ನ ಹಟ. ಬಲವಂತದ ದುಡಿಮೆ ಸರಿಯೇ ಎಂಬ ಪ್ರಶ್ನೆಯನ್ನು ಇಬ್ಬರೂ ಎತ್ತಲಿಲ್ಲ. ಆಕ್ರಮಿತ ಪ್ರದೇಶಗಳಿಂದ ಕನಿಷ್ಠ 50 ಲಕ್ಷ ಜನರನ್ನು ಜರ್ಮನಿಗೆ ಸಾಗಿಸಲಾಯಿತೆಂದು ನ್ಯೂರೆಂಬರ್ಗ್ ನ್ಯಾಯಮಂಡಳಿ ತೀರ್ಪಿನಲ್ಲಿ ದಾಖಲಿಸಿತು.

1946ರ ಆ ತೀರ್ಪಿನಲ್ಲಿ ಗೋರಿಂಗ್ ಮತ್ತು ಸೌಕೆಲ್‌ಗೆ ಮರಣದಂಡನೆ, ಫುಂಕ್‌ಗೆ ಜೀವಾವಧಿ, ಸ್ಪೀರ್‌ಗೆ 20 ವರ್ಷಗಳ ಸೆರೆವಾಸ ವಿಧಿಸಲಾಯಿತು. ಶಾಖ್ಟ್ ಖುಲಾಸೆಯಾದ. ರೈಖ್ಸ್‌ಬ್ಯಾಂಕಿನ ಎಚ್ಚರಿಕೆ ಮಾತ್ರ ಸುಳ್ಳಾಗಲಿಲ್ಲ. 1948ರ ಜೂನ್‌ನಲ್ಲಿ ಪಶ್ಚಿಮ ಜರ್ಮನಿಯ ವಲಯಗಳಲ್ಲಿ ಹೊಸ ನಾಣ್ಯ ಬಂದಾಗ, ಬ್ಯಾಂಕಿನಲ್ಲಿ 100 ರೈಖ್ಸ್‌ಮಾರ್ಕ್ ಉಳಿಸಿಟ್ಟಿದ್ದ ಸಾಮಾನ್ಯನಿಗೆ ಅಂತಿಮವಾಗಿ ದಕ್ಕಿದ್ದು ಆರೂವರೆ ಡಾಯ್ಚ್ ಮಾರ್ಕ್.