ಮಲಪ್ರಭೆಯ ದಂಡೆಯಲ್ಲಿ ಕಡಲಿನ ಪಾಠ: ಕರಗುವ ಹಿಮವನ್ನು ಮಕ್ಕಳಿಗೆ ತಿಳಿಸುವ ಬಗೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳಿಗೆ ಕಡಲಿಲ್ಲ. ಜೋಳ, ಹತ್ತಿ, ಕಬ್ಬು ಬೆಳೆಯುವ ಈ ಸೀಮೆಯ ಎಷ್ಟೋ ಮಕ್ಕಳು ಕಡಲನ್ನು ಕಂಡವರಲ್ಲ. ಹಿಮವನ್ನಂತೂ ಚಿತ್ರದಲ್ಲಷ್ಟೇ ಬಲ್ಲರು. ಹಿಮ ಕರಗಿ ಸಮುದ್ರಮಟ್ಟ ಏರುತ್ತಿದೆ ಎಂಬ ವಾಕ್ಯವನ್ನು ಅವರು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯಬಲ್ಲರು. ಆದರೆ ಯಾವ ಹಿಮ, ಎಷ್ಟು ಏರಿಕೆ, ಏಕೆ ಎಂಬ ಪ್ರಶ್ನೆಗಳಿಗೆ ಉತ್ತರ ಮನದಟ್ಟಾಗುವುದು ಕೈಯಾರೆ ಮಾಡಿ ನೋಡಿದಾಗ ಮಾತ್ರ. ಅದಕ್ಕೆ ಬೇಕಾದ ಸಾಮಗ್ರಿ ಹಳ್ಳಿಯ ಶಾಲೆಯಲ್ಲಿಯೇ ದೊರೆಯುತ್ತದೆ.

ಅಣೆಕಟ್ಟೆಯಿಂದ ಆರಂಭ

ಸವದತ್ತಿ ಬಳಿಯ ನವಿಲುತೀರ್ಥ ಜಲಾಶಯದ ಗರಿಷ್ಠ ಮಟ್ಟ 2079.50 ಅಡಿ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಗುವ ಈ ಅಂಕಿಯನ್ನು ರೈತರ ಮಕ್ಕಳೆಲ್ಲ ಬಲ್ಲರು. ಇದು ಅಣೆಕಟ್ಟೆಯ ಎತ್ತರವಲ್ಲ. ಸರಾಸರಿ ಸಮುದ್ರಮಟ್ಟದಿಂದ ಅಳೆದ ಎತ್ತರ. ಭಾರತದಲ್ಲಿ ಎತ್ತರಗಳನ್ನು ಅಳೆಯಲು ಬಳಕೆಗೆ ಬಂದ 1909ರ ಆಧಾರಮಟ್ಟವನ್ನು ಒಂಬತ್ತು ಬಂದರುಗಳಲ್ಲಿ ದಾಖಲಿಸಿದ ಉಬ್ಬರವಿಳಿತದ ಅಳತೆಗಳಿಂದ ನಿರ್ಧರಿಸಲಾಯಿತು. ಆ ಒಂಬತ್ತರಲ್ಲಿ ಕಾರವಾರವೂ ಒಂದು. ಹೀಗೆ ಸವದತ್ತಿಯ ನೀರನ್ನು ಅಳೆಯುವ ಅಳತೆಗೋಲಿನ ಬುಡ ಕಡಲಿನಲ್ಲಿದೆ. ಪಾಠವನ್ನು ಇಲ್ಲಿಂದ ಆರಂಭಿಸಿದರೆ ಕಡಲು ಮಕ್ಕಳಿಗೆ ದೂರದ ವಸ್ತುವಾಗಿ ಉಳಿಯುವುದಿಲ್ಲ.

ಪ್ರಯೋಗ ಒಂದು: ತೇಲುವ ಹಿಮ, ನೆಲದ ಹಿಮ

ಒಂದೇ ಅಳತೆಯ ಎರಡು ಗಾಜಿನ ಲೋಟಗಳನ್ನು ತೆಗೆದುಕೊಳ್ಳಬೇಕು. ಮೊದಲನೆಯದರಲ್ಲಿ ನೀರು ತುಂಬಿ ಮಂಜುಗಡ್ಡೆಯನ್ನು ತೇಲಿಬಿಡಬೇಕು. ಎರಡನೆಯದರಲ್ಲಿ ನೀರಿನಿಂದ ಮೇಲಕ್ಕೆ ಚಾಚಿರುವಂತೆ ಒಂದು ಕಲ್ಲನ್ನಿರಿಸಿ, ಅದರ ನೆತ್ತಿಯ ಮೇಲೆ ಅಷ್ಟೇ ಮಂಜುಗಡ್ಡೆಯನ್ನಿಡಬೇಕು. ನಂತರ ಎರಡೂ ಲೋಟಗಳ ನೀರಿನ ಮಟ್ಟವನ್ನು ಹೊರಗೆ ಅಂಟಿಸಿದ ಕಾಗದದ ಪಟ್ಟಿಯ ಮೇಲೆ ಗುರುತಿಸಬೇಕು. ತಂಪುಪಾನೀಯದ ಅಂಗಡಿಯಿಂದ ತಂದ ಮಂಜುಗಡ್ಡೆ ದಾರಿಯಲ್ಲಿ ಕರಗದಂತೆ ಹೊಟ್ಟು ತುಂಬಿದ ಗೋಣಿಚೀಲದಲ್ಲಿ ಸುತ್ತಿದರಾಯಿತು.

ಫಲಿತಾಂಶವನ್ನು ಮೊದಲೇ ಹೇಳದೆ ಮಕ್ಕಳು ತಮ್ಮ ಊಹೆಯನ್ನು ಬರೆದಿಡುವಂತೆ ಮಾಡುವುದು ಮುಖ್ಯ. ಎರಡೂ ಲೋಟಗಳಲ್ಲಿ ನೀರು ಏರುತ್ತದೆ ಎಂದೇ ಹೆಚ್ಚಿನವರು ಬರೆಯುತ್ತಾರೆ. ಆದರೆ ತೇಲುವ ಮಂಜುಗಡ್ಡೆ ಕರಗಿದಾಗ ಮಟ್ಟ ಬದಲಾಗುವುದಿಲ್ಲ. ತೇಲುವಾಗಲೇ ಅದು ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸಿರುತ್ತದೆ. ಇದು ಆರ್ಕಿಮಿಡೀಸನ ತತ್ವ. ಕಲ್ಲಿನ ಮೇಲಿನ ಮಂಜುಗಡ್ಡೆ ಕರಗಿದಾಗ ಮಾತ್ರ ಹೊಸ ನೀರು ಸೇರಿ ಮಟ್ಟ ಏರುತ್ತದೆ. ಉತ್ತರ ಧ್ರುವದ ಕಡಲಹಿಮ ಮೊದಲನೆಯ ಲೋಟದಂತೆ. ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕದ ನೆಲದ ಹಿಮ ಎರಡನೆಯದರಂತೆ. ಕಡಲನೀರು ಉಪ್ಪಾದುದರಿಂದ ತೇಲುವ ಹಿಮವೂ ಅತ್ಯಲ್ಪ ಏರಿಕೆ ತರುತ್ತದೆ ಎಂಬುದನ್ನು ಮೇಲಿನ ತರಗತಿಗಳಲ್ಲಿ ತಿಳಿಸಬಹುದು. ಗ್ರೀನ್‌ಲ್ಯಾಂಡಿನ ಹಿಮವೆಲ್ಲ ಕರಗಿದರೆ ಸಮುದ್ರಮಟ್ಟ ಸುಮಾರು 7 ಮೀಟರ್ ಏರುತ್ತದೆ. ಆದರೆ ಅದು ಶತಮಾನಗಳನ್ನು ಮೀರಿದ ಕಾಲದ ಮಾತು.

ಪ್ರಯೋಗ ಎರಡು: ಬಿಸಿನೀರಿನ ಹಿಗ್ಗು

ಶಾಯಿ ಬೆರೆಸಿದ ನೀರನ್ನು ಸಣ್ಣ ಶೀಶೆಯಲ್ಲಿ ಕಂಠಮಟ್ಟ ತುಂಬಿ, ರಂಧ್ರ ಕೊರೆದ ಬಿರಡೆಯಲ್ಲಿ ಪೆನ್ನಿನ ಖಾಲಿ ರೀಫಿಲ್ಲನ್ನು ಎರಡೂ ತುದಿ ತೆರೆದಿರುವಂತೆ ತೂರಿಸಿ ಮುಚ್ಚಬೇಕು. ಒಳಗೆ ಗಾಳಿಗುಳ್ಳೆ ಉಳಿಯಬಾರದು. ಶೀಶೆಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟಾಗ ನಳಿಕೆಯಲ್ಲಿ ಬಣ್ಣದ ನೀರು ಮೇಲೇರುತ್ತದೆ. ಬಿಸಿಯಾದ ನೀರು ಹಿಗ್ಗುತ್ತದೆ. ಹಿಮ ಕರಗುವುದರಿಂದ ಮಾತ್ರ ಕಡಲು ಏರುತ್ತದೆ ಎಂಬ ತಪ್ಪು ತಿಳಿವಳಿಕೆಯನ್ನು ಈ ಪ್ರಯೋಗ ತಿದ್ದುತ್ತದೆ. 1971ರಿಂದ 2018ರವರೆಗಿನ ಏರಿಕೆಯಲ್ಲಿ ಸರಿಸುಮಾರು ಅರ್ಧ ಪಾಲು ಕಡಲನೀರು ಕಾದು ಹಿಗ್ಗಿದ್ದರಿಂದಲೇ ಆದದ್ದು.

ಪ್ರಯೋಗ ಮೂರು: ಮಸಿ ಮತ್ತು ಸುಣ್ಣ

ಒಂದೇ ಬಗೆಯ ಎರಡು ತಗಡಿನ ತಟ್ಟೆಗಳಲ್ಲಿ ಒಂದಕ್ಕೆ ಮಸಿ, ಇನ್ನೊಂದಕ್ಕೆ ಸುಣ್ಣ ಬಳಿದು, ಒಣಗಿದ ಮೇಲೆ ಸಮನಾದ ಮಂಜುಗಡ್ಡೆಗಳನ್ನಿಟ್ಟು ಬಿಸಿಲಿಗಿಡಬೇಕು. ಕಪ್ಪು ತಟ್ಟೆಯದು ಮೊದಲು ಕರಗುತ್ತದೆ. ಹೊಸದಾಗಿ ಬಿದ್ದ ಹಿಮ ಬಿಸಿಲಿನ ನೂರಕ್ಕೆ 80ರಷ್ಟನ್ನು ಮರಳಿಸುತ್ತದೆ. ತೆರೆದ ಕಡಲು ಮರಳಿಸುವುದು ಸುಮಾರು 6ರಷ್ಟು ಮಾತ್ರ. ಹಿಮದ ಹೊದಿಕೆ ಸರಿದಂತೆ ಕಡಲು ಇನ್ನಷ್ಟು ಬಿಸಿಲನ್ನು ಹೀರಿ ಕಾಯುತ್ತದೆ. ತೇಲುವ ಹಿಮ ಕರಗಿದರೂ ಚಿಂತೆಯಿಲ್ಲ ಎಂದು ಮೊದಲ ಪ್ರಯೋಗದಿಂದ ಭಾವಿಸಿದ ಮಕ್ಕಳಿಗೆ ಇದೇ ಉತ್ತರ.

ಅಂಕಿಗಳು ಹೇಳುವುದೇನು?

ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ 2021ರ ವರದಿಯಂತೆ 1901ರಿಂದ 2018ರ ನಡುವೆ ಜಗತ್ತಿನ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. 1971ರವರೆಗೆ ವರ್ಷಕ್ಕೆ 1.3 ಮಿಲಿಮೀಟರ್ ಇದ್ದ ವೇಗ, 2006ರಿಂದ 2018ರ ಅವಧಿಯಲ್ಲಿ 3.7 ಮಿಲಿಮೀಟರಿಗೆ ತಲುಪಿತು. 20 ಸೆಂಟಿಮೀಟರ್ ಎಂದರೆ ಒಂದು ಗೇಣಿಗಿಂತ ಕೊಂಚ ಕಡಿಮೆ. ಇಷ್ಟರಿಂದ ಏನಾದೀತು ಎಂಬ ಪ್ರಶ್ನೆ ಸಹಜ. ಅಗಲವಾದ ಬುಟ್ಟಿಯಲ್ಲಿ ಎರೆಮಣ್ಣಿನಿಂದ ಇಳಿಜಾರಾದ ದಡ ಕಟ್ಟಿ ನೀರು ತುಂಬಿ ನೋಡುವುದಾದರೆ ಬುಟ್ಟಿಯ ಬದಲು ಸೋರದ ತಗಡಿನ ಪರಾತ ಒಳ್ಳೆಯದು. ದಡದ ಇಳಿಜಾರು ನೂರಕ್ಕೆ ಒಂದರಂತಿದ್ದರೆ ನೀರು ಒಂದು ಗೇಣು ಏರಿದಾಗ ನೂರು ಗೇಣು ಒಳನುಗ್ಗುತ್ತದೆ.

ಪ್ರವಾಹದೊಡನೆ ಗೊಂದಲ ಬೇಡ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಹರಿದು ರಾಮದುರ್ಗ ತಾಲ್ಲೂಕಿನ ನದಿದಂಡೆಯ ಊರುಗಳು ಜಲಾವೃತವಾದವು. ಮನೆ ಕಳೆದುಕೊಂಡ ಕುಟುಂಬಗಳ ಮಕ್ಕಳು ತರಗತಿಯಲ್ಲಿರಬಹುದು ಎಂಬ ಎಚ್ಚರ ಶಿಕ್ಷಕರಿಗಿರಬೇಕು. ಆ ಪ್ರವಾಹ ಹಿಮ ಕರಗಿ ಬಂದದ್ದಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಹಿಮದ ಮೂಲವೇ ಇಲ್ಲ. ಅದು ಮಳೆಯ ನದಿ. ಆದರೆ ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ನೂರಕ್ಕೆ ಸುಮಾರು 7ರಷ್ಟು ಹೆಚ್ಚುತ್ತದೆ. ಆದ್ದರಿಂದ ಭಾರೀ ಮಳೆ ಇನ್ನಷ್ಟು ಭಾರಿಯಾಗುವ ಸಂಭವವಿದೆ. ಕಡಲೇರಿಕೆ ಬೇರೆ, ಪ್ರವಾಹ ಬೇರೆ. ಕಾಯುತ್ತಿರುವ ಭೂಮಿ ಎರಡಕ್ಕೂ ಹಿನ್ನೆಲೆ. ಈ ವ್ಯತ್ಯಾಸವನ್ನು ಅರಿತ ಮಗು ವದಂತಿಗೆ ಹೆದರುವುದಿಲ್ಲ, ಮುನ್ನೆಚ್ಚರಿಕೆಯನ್ನು ಕಡೆಗಣಿಸುವುದೂ ಇಲ್ಲ.

ನೆರವಿನ ನೆಲೆಗಳು

ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 'ಬಾಲ ವಿಜ್ಞಾನ' ಮಾಸಿಕದ ಮೂಲಕ ಕನ್ನಡದಲ್ಲಿ ವಿಜ್ಞಾನವನ್ನು ಮಕ್ಕಳಿಗೆ ತಲುಪಿಸಿದೆ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು 2014 ಮತ್ತು 2015ರಲ್ಲಿ ಹವೆ ಹಾಗೂ ಹವಾಮಾನವನ್ನೇ ಮುಖ್ಯ ವಿಷಯವಾಗಿ ಆರಿಸಿಕೊಂಡಿತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿರುವ ಪ್ರಾದೇಶಿಕ ವಿಜ್ಞಾನ ಕೇಂದ್ರ ಕಿತ್ತೂರು, ಬೈಲಹೊಂಗಲದ ಶಾಲೆಗಳಿಗೆ ಒಂದು ದಿನದ ಪ್ರವಾಸದ ದೂರದಲ್ಲಿದೆ.

ಸವದತ್ತಿ, ರಾಮದುರ್ಗಗಳನ್ನು ದಾಟಿದ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆ ಆಂಧ್ರದ ತಗ್ಗಾದ ಮುಖಜ ಭೂಮಿಯಲ್ಲಿ ಬಂಗಾಳಕೊಲ್ಲಿಗೆ ಇಳಿಯುತ್ತದೆ. ಅಲ್ಲಿ ಕಡಲು ಏರಿದಂತೆ ಉಪ್ಪುನೀರು ಗದ್ದೆಗಳತ್ತ ಸರಿಯುತ್ತದೆ. ತಮ್ಮೂರಿನ ಹೊಳೆಯ ಕೊನೆಯಲ್ಲಿ ತಮ್ಮಂತೆಯೇ ಒಕ್ಕಲುತನ ಮಾಡುವ ಜನರಿದ್ದಾರೆ ಎಂಬುದನ್ನು ಮಕ್ಕಳು ಭೂಪಟದಲ್ಲಿ ಬೆರಳಿಟ್ಟು ಗುರುತಿಸಿದಾಗ ಲೋಟದೊಳಗಿನ ಪಾಠ ಪೂರ್ಣವಾಗುತ್ತದೆ.