ಕಾಲು ನೆಲಕ್ಕೆ ತಾಗಬೇಕು

ಬಳೆಗಾರನೆದುರು ಕುಳಿತರೆ ನಾವು ಮೊದಲು ಕೈ ಚಾಚುತ್ತೇವೆ. ಎರಡು ನಾಲ್ಕೋ, ಎರಡು ಆರೋ ಎಂದು ನೋಡದೆ ಬಳೆ ಕೊಳ್ಳುವವರಿಲ್ಲ. ರವಕೆಗೆ ಅಳತೆ ಕೊಡುತ್ತೇವೆ, ಚಪ್ಪಲಿ ಹಾಕಿ ನಾಲ್ಕು ಹೆಜ್ಜೆ ನಡೆದು ನೋಡುತ್ತೇವೆ. ದಿನಕ್ಕೆ ಏಳೆಂಟು ಗಂಟೆ ಮೈಭಾರ ಹೊರುವ ಕುರ್ಚಿಗೆ ಮಾತ್ರ ಅಳತೆಯ ಮಾತಿಲ್ಲ; ಕ್ರಯ ಕೇಳಿ ತಂದುಬಿಡುತ್ತೇವೆ. ಪುತ್ತೂರು, ಸುಳ್ಯದ ಪೇಟೆಗಳಲ್ಲಾಗಲಿ, ಹೊಸ ತಾಲೂಕಾದ ಕಡಬದಲ್ಲಾಗಲಿ, ಸಣ್ಣ ಕಚೇರಿಗಳಿಗೆ ಬರುವುದು ಹೆಚ್ಚಾಗಿ ಅಗ್ಗದ ಕುರ್ಚಿಗಳೇ. ಅಗ್ಗವೆಂಬುದು ದೋಷವಲ್ಲ. ಅದು ಯಾರ ಮೈಗೆ ಹೊಂದುತ್ತದೆಂದು ಕೇಳದಿರುವ ನಮ್ಮ ಅಭ್ಯಾಸಕ್ಕೆ ಮಾತ್ರ ದೊಡ್ಡದೊಂದು ಚರಿತ್ರೆಯಿದೆ.

ಕುರ್ಚಿ ಹೊರಗಿನಿಂದ ಬಂದದ್ದೆಂದು ಅದರ ಹೆಸರೇ ಹೇಳುತ್ತದೆ. ಕನ್ನಡದ ಕುರ್ಚಿಗೆ ಮೂಲ ಅರಬಿಯ ‘ಕುರ್ಸಿ’. ಕೊಂಕಣಿಯ ‘ಕದೆಲ್’, ಮಲಯಾಳದ ‘ಕಸೇರ’ ಎರಡೂ ಪೋರ್ಚುಗೀಸರಿಂದ ಬಂದ ಮಾತುಗಳು. ನಮ್ಮದೆಂದರೆ ಚಾಪೆ, ಮಣೆ, ಜಗಲಿ. ಜಗಲಿಯನ್ನು ಯಾರು ಏರಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬ ಕಟ್ಟುಪಾಡು ಆಗಲೂ ಇತ್ತು. ಆದರೆ ನೆಲದ ಮೇಲೆ ಕುಳಿತವರಿಗೆ ಕಾಲು ನೇತಾಡುವ ಕಷ್ಟವಿರಲಿಲ್ಲ.

ಕಂಪೆನಿ ಸರಕಾರ 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಬಳಿಕ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಕಂದಾಯವನ್ನು ನಗದಾಗಿಯೇ ಕಟ್ಟಬೇಕೆಂದಾಯಿತು. 1837ರಲ್ಲಿ ದಂಗೆಯೆದ್ದವರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿನ ತನಕ ನಡೆದರು. ದಂಗೆ ಅಡಗಿತು, ಕಚೇರಿ ಉಳಿಯಿತು. ಕಚೇರಿಯೊಂದಿಗೆ ಕುಳಿತವನು ದೊಡ್ಡವನು, ನಿಂತವನು ಸಣ್ಣವನು ಎಂಬ ನಡವಳಿಕೆಯೂ ಬಲವಾಯಿತು. ಕುರ್ಚಿ ಎಂದರೆ ಅಧಿಕಾರ ಎಂದು ಇಂದಿಗೂ ಹೇಳುತ್ತೇವಲ್ಲ! ಅಧಿಕಾರವೆಂದ ಮೇಲೆ ಅದು ಸುಖವಾಗಿದೆಯೇ ಎಂದು ಕೇಳುವವರು ಯಾರು?

ಇತ್ತ ಕುರ್ಚಿ ದೊಡ್ಡಸ್ತಿಕೆಯ ಗುರುತಾಗಿದ್ದಾಗ ಅತ್ತ ಯುರೋಪಿನಲ್ಲಿ ಅದು ಬಡವರ ಕೈಗೂ ಎಟಕುವಂತಾಗುತ್ತಿತ್ತು. ಮೈಕೆಲ್ ಥೋನೆಟ್ 1859ರಲ್ಲಿ ತಂದ 14ನೇ ನಂಬರಿನ ಕುರ್ಚಿಗೆ ಬೇಕಾದದ್ದು ಆವಿಯಲ್ಲಿ ಬಗ್ಗಿಸಿದ ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿತ್ತು. 1972ರಲ್ಲಿ ಫ್ರಾನ್ಸಿನ ಹೆನ್ರಿ ಮಸೊನೆ ಒಂದೇ ಅಚ್ಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಎರಕ ಹೊಯ್ಯುವುದನ್ನು ಬಹಳ ಅಗ್ಗಕ್ಕಿಳಿಸಿದ. ನಮ್ಮ ಮದುವೆ ಮಂಟಪಗಳ ಕುರ್ಚಿ ಅದೇ ವಂಶದ್ದು. ಬೆಲೆ ಇಳಿದದ್ದು ಒಂದೇ ಅಚ್ಚಿನಿಂದ. ಒಂದೇ ಅಚ್ಚೆಂದರೆ ಒಂದೇ ಅಳತೆ.

ಈ ಅಳತೆ ತಟ್ಟಿದ್ದು ನಮ್ಮ ಹೆಣ್ಣುಮಕ್ಕಳಿಗೆ. ಇಲ್ಲಿಯ ಹೆಂಗಸರು ಅಡಿಕೆ ಸುಲಿದದ್ದು, ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟಿದ್ದು ನೆಲದ ಮೇಲೆ ಕುಳಿತೇ. ಅವರು ಓದಿಸಿದ ಮಗಳು ಈಗ ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಕಂಪ್ಯೂಟರಿನೆದುರು ಕೂರುತ್ತಾಳೆ. ಸಾಮಾನ್ಯ ಕುರ್ಚಿಯ ಆಸನ ನೆಲದಿಂದ ಸುಮಾರು 18 ಅಂಗುಲ. ಐದಡಿಯ ಹೆಂಗಸಿಗೆ ಮೊಣಕಾಲ ಹಿಂಬದಿಯಿಂದ ಅಂಗಾಲಿಗೆ ಇರುವುದು ಸುಮಾರು 15 ಅಂಗುಲ. ಹಿಂದಕ್ಕೆ ಒರಗಿದರೆ ಕಾಲು ನೇತಾಡುತ್ತದೆ. ಆಸನದ ಅಂಚು ತೊಡೆಯ ಅಡಿಗೆ ಒತ್ತುತ್ತದೆ, ಸಂಜೆಗೆ ಪಾದ ಬಾತು ಜೋಮು ಹಿಡಿಯುತ್ತದೆ. ಕಾಲು ಊರಲೆಂದು ಮುಂದಕ್ಕೆ ಸರಿದರೆ ಬೆನ್ನಿಗೆ ಆಧಾರವಿಲ್ಲ. ತುದಿಯಲ್ಲಿ ಕೂರುವುದು ವಿನಯವೆಂದು ನೋಡಿದವರು ತಿಳಿಯುತ್ತಾರೆ. ಕೂತವಳ ಸೊಂಟಕ್ಕೆ ಗೊತ್ತು ಅದು ಏನೆಂದು.

ಕಡಿಮೆ ಕ್ರಯದ ತಿರುಗು ಕುರ್ಚಿಯಲ್ಲಿ ಎತ್ತರ ಬದಲಿಸುವ ಹಿಡಿಕೆಯಾದರೂ ಇರುತ್ತದೆ. ಕೊಳ್ಳುವ ಮೊದಲು ಕುಳಿತು ನೋಡಬೇಕು. ಪಾದ ಪೂರ್ತಿ ಊರಬೇಕು. ಬೆನ್ನು ಒರಗಿದಾಗ ಆಸನದ ಅಂಚಿಗೂ ಮೊಣಕಾಲಿಗೂ ನಡುವೆ ಎರಡು ಮೂರು ಬೆರಳು ಹೋಗಬೇಕು. ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು, ಕೈಯಾನಿಕೆ ಮೇಜಿಗೆ ತಾಗಬಾರದು. ಮೇಜಿಗಾಗಿ ಕುರ್ಚಿ ಎತ್ತರಿಸಲೇಬೇಕಾದರೆ ಕಾಲಡಿಗೆ ಒಂದು ಮಣೆ, ಸೊಂಟದ ಹಿಂದೆ ಸಣ್ಣ ದಿಂಬು ಸಾಕು. ಕುರ್ಚಿ ಬಂದು ಅಟ್ಟಕ್ಕೇರಿಸಿದ ಮಣೆಗೆ ಮತ್ತೆ ಕೆಲಸ ಸಿಕ್ಕಂತಾಯಿತು!

ಅಳತೆಗೆ ತಕ್ಕ ಕುರ್ಚಿ ಅಸಾಧ್ಯವೇನಲ್ಲ. ಅಮೆರಿಕದ ಹರ್ಮನ್ ಮಿಲ್ಲರ್ ಕಂಪೆನಿ 1994ರಲ್ಲಿ ತಂದ ಏರಾನ್ ಕುರ್ಚಿ ಮೂರು ಗಾತ್ರಗಳಲ್ಲಿ ಬಂತು. ಬೆಲೆ ಮಾತ್ರ ನಮ್ಮ ಕೈಗೆಟಕದ್ದು. ಭಾರತೀಯರ ಮೈಯಳತೆಗಳ ಪುಸ್ತಕವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲೇ ಹೊರತಂದಿದೆ. ಲೆಕ್ಕ ಇದೆ, ಕೇಳುವವರು ಬೇಕು.

ಕೇಳಿದವರೂ ಇದ್ದಾರೆ. ನಿಂತು ದುಡಿಯುವವರಿಗೆ ಕೂರಲು ಅನುಕೂಲವಿರಬೇಕೆಂದು 1948ರ ಕಾರ್ಖಾನೆ ಕಾಯಿದೆ ಹೇಳಿತು. ಅಂಗಡಿಯ ಹೆಂಗಸರು ಅದರ ಹೊರಗೇ ಉಳಿದರು. ಕಲ್ಲಿಕೋಟೆಯ ಪಿ. ವಿಜಿ ಮತ್ತು ಅವರ ‘ಪೆಣ್‌ಕೂಟ್ಟ್’ ಸಂಗಾತಿಗಳು ವರ್ಷಗಟ್ಟಲೆ ಹೋರಾಡಿದ ಬಳಿಕ ನೆರೆಯ ಕೇರಳ 2018ರಲ್ಲಿ ಅವರಿಗೂ ಕೂರುವ ಹಕ್ಕು ಕೊಟ್ಟಿತು. 2021ರಲ್ಲಿ ತಮಿಳುನಾಡು ಹಾಗೆಯೇ ಮಾಡಿತು. ಸುಳ್ಯದಿಂದ ಕೇರಳದ ಗಡಿ ದೂರವೇನಲ್ಲ.

ಕೂರುವುದಕ್ಕೇ ಅಷ್ಟು ಹೋರಾಡಬೇಕಾಯಿತೆಂದ ಮೇಲೆ, ಸಿಕ್ಕಿದ ಕುರ್ಚಿಯಲ್ಲಿ ನೆಟ್ಟಗೆ ಕೂರುವುದನ್ನು ನಾವೇಕೆ ಬಿಡಬೇಕು? ಮುಂದಿನ ಸಲ ಕಚೇರಿಗೆ ಕುರ್ಚಿ ತರಿಸುವಾಗ ಕ್ರಯದ ಜತೆಗೆ ಅಂಗುಲವನ್ನೂ ಕೇಳೋಣ. ಬಳೆಗಾರನೆದುರು ಕೇಳಲು ನಮಗೆ ನಾಚಿಕೆಯಿಲ್ಲವಷ್ಟೆ.