ದುಡಿಯುವವರನ್ನು ಅರಿಯುವ ವಿದ್ಯೆ

ಬಿ.ಎ. ಅಥವಾ ಬಿ.ಕಾಂ. ಮುಗಿಸಿದ ಮಗನೋ ಮಗಳೋ "ಮಾನವ ಸಂಪನ್ಮೂಲ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿಗೆ ಸೇರುತ್ತೇನೆ" ಎಂದು ಹೇಳಿದಾಗ ಮನೆಯ ಹಿರಿಯರಿಗೆ ಒಂದು ಸಂದೇಹ ಹುಟ್ಟುವುದು ಸಹಜ. ವೈದ್ಯನಾಗುವವನು ರೋಗಗಳನ್ನು ಓದುತ್ತಾನೆ, ವಕೀಲನಾಗುವವನು ಕಾಯಿದೆಗಳನ್ನು ಓದುತ್ತಾನೆ. ಜನರಿಂದ ಕೆಲಸ ಮಾಡಿಸುವುದನ್ನೂ ಎರಡು ವರ್ಷ ಕುಳಿತು ಓದಬೇಕೆ? ಊರಿನ ಮೇಸ್ತ್ರಿ ಏನನ್ನೂ ಓದದೆಯೇ ಮಾಡಿಸುತ್ತಿರುವನಲ್ಲವೆ?

ವಾಚಕರೇ, ಈ ಪ್ರಶ್ನೆ ತಳ್ಳಿಹಾಕುವಂಥದಲ್ಲ. ಮೇಸ್ತ್ರಿಯ ಕೈಗೆ ಎಲ್ಲವನ್ನೂ ಬಿಟ್ಟುದರಿಂದ ಆದ ಅನರ್ಥಗಳೇ ನಮ್ಮ ದೇಶದಲ್ಲಿ ಈ ವಿದ್ಯೆಗೆ ಕಾರಣವಾದವು. ಅದರ ಚರಿತ್ರೆಯನ್ನು ತಿಳಿಯಲು ಹೊರಡುವುದಕ್ಕೆ ರಾಯಚೂರು ಜಿಲ್ಲೆಯ ಮಸ್ಕಿ, ಲಿಂಗಸುಗೂರು, ಸಿಂಧನೂರುಗಳಿಗಿಂತ ತಕ್ಕ ಸ್ಥಳ ಬೇರೊಂದಿಲ್ಲ.

ಮೊದಲು ಮಸ್ಕಿ. ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಈ ಊರಿನ ಬೆಟ್ಟದಲ್ಲಿ ಅಶೋಕನ ಶಾಸನವಿದೆ. 1915ರಲ್ಲಿ ಅದನ್ನು ಕಂಡವರು ಚಿನ್ನದ ಗಣಿಯ ಎಂಜಿನಿಯರಾಗಿದ್ದ ಬೀಡನ್ ಎಂಬವರು. ಅದುವರೆಗೆ ಶಾಸನಗಳಲ್ಲಿ "ದೇವಾನಾಂಪ್ರಿಯ" ಎಂದಷ್ಟೇ ಕಾಣುತ್ತಿದ್ದ ದೊರೆ ಅಶೋಕನೇ ಎಂಬುದನ್ನು ಅವನ ಹೆಸರಿನ ಸಹಿತ ಸಾರಿದ ಮೊದಲ ಶಾಸನ ಇದು. ಈ ಕೀರ್ತಿ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಅದರ ಒಳಗಿನ ಮಾತನ್ನು ಗಮನಿಸುವವರು ಕಡಿಮೆ. ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಮೀಸಲೆಂದು ತಿಳಿಯಬಾರದು, ಧರ್ಮದಲ್ಲಿ ನಿಂತ ಸಣ್ಣವನೂ ಅದನ್ನು ಪಡೆಯಬಲ್ಲ, ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬುದು ಅದರ ಸಾರ.

ಇದೇ ಸಂದೇಶ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿಯೂ ಇದೆ. ಅಲ್ಲಿ ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಅದನ್ನು ಕಳುಹಿಸಿದ್ದಾರೆ. ಆಜ್ಞೆಯನ್ನು ಹೇಳುವ ಮುನ್ನ ಅವರು ಆ ಅಧಿಕಾರಿಗಳ ಆರೋಗ್ಯವನ್ನು ವಿಚಾರಿಸುತ್ತಾರೆ. ಇನ್ನು ಕಳಿಂಗದ ಧೌಲಿಯ ಶಾಸನದಲ್ಲಿ ಅಶೋಕನು ನ್ಯಾಯ ನೋಡುವ ಅಧಿಕಾರಿಗಳಿಗೆ ಇರಬಾರದ ದೋಷಗಳನ್ನೇ ಎಣಿಸಿದ್ದಾನೆ: ಅಸೂಯೆ, ಮುಂಗೋಪ, ನಿಷ್ಠುರತೆ, ಆತುರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ಆಯಾಸ. ಅಶೋಕನೇ ಇಂದಿನ ನಿರ್ವಹಣಾಶಾಸ್ತ್ರದ ಆದಿಪುರುಷನೆಂದು ಹೇಳಿದರೆ ಅದು ಉತ್ಪ್ರೇಕ್ಷೆಯಾದೀತು. ಆದರೂ ಜನರ ಮೇಲೆ ಅಧಿಕಾರ ನಡೆಸುವವನು ಮೊದಲು ತನ್ನ ಸ್ವಭಾವವನ್ನು ತಿದ್ದಿಕೊಳ್ಳಬೇಕೆಂಬ ತಿಳಿವು ಎಷ್ಟು ಹಳೆಯದೆಂಬುದು ಇದರಿಂದ ತಿಳಿಯುತ್ತದೆ.

ಶಾಸನದಲ್ಲಿ ಅರಸನ ಹೆಸರು ಉಳಿಯಿತು. ದುಡಿದವರ ಹೆಸರು ಉಳಿಯಲಿಲ್ಲ. ಇದನ್ನು ಅರಿಯಲು ಲಿಂಗಸುಗೂರು ತಾಲ್ಲೂಕಿನ ಹಟ್ಟಿಗೆ ಹೋಗಬೇಕು. ಇಲ್ಲಿ ಸುಮಾರು 2,000 ವರ್ಷಗಳ ಹಿಂದೆಯೇ ಜನರು ಚಿನ್ನವನ್ನು ಅರಸುತ್ತ ನೆಲದೊಳಕ್ಕೆ 600 ಅಡಿಗೂ ಹೆಚ್ಚು ಆಳ ಇಳಿದಿದ್ದರು. ಸಿಡಿಮದ್ದಿಲ್ಲದ ಕಾಲ ಅದು. ಬಂಡೆಗೆ ಬೆಂಕಿ ಹಚ್ಚಿ ಕಾಯಿಸುವುದು, ಕಾದ ಕಲ್ಲಿನ ಮೇಲೆ ನೀರು ಸುರಿದು ಬಿರಿಯಿಸುವುದು, ಒಡೆದ ಚೂರುಗಳನ್ನು ಮೇಲಕ್ಕೆ ಹೊತ್ತು ತರುವುದು, ಇದೇ ಕ್ರಮ. ಆ ಹೊಗೆಯಲ್ಲಿ, ಆ ಕತ್ತಲೆಯಲ್ಲಿ ಕೆಲಸ ಮಾಡಿದವರು ಯಾರು, ಅವರಿಗೆ ಏನು ಕೂಲಿ ಸಿಕ್ಕಿತು, ಎಷ್ಟು ಜನ ಮೇಲೆ ಬರಲಿಲ್ಲ ಎಂಬುದನ್ನು ಯಾವ ಕಲ್ಲಿನ ಮೇಲೂ ಬರೆದಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಿಜಾಮರ ಸಂಸ್ಥಾನದಲ್ಲಿ ಪರವಾನಗಿ ಪಡೆದ ಕಂಪನಿಯವರು ಈ ಹಳೆಯ ಗುಂಡಿಗಳ ಜಾಡು ಹಿಡಿದು ಹಟ್ಟಿಯಲ್ಲಿ ಮತ್ತೆ ಗಣಿ ತೆಗೆದರು. 1920ರಲ್ಲಿ ಅದು ನಿಂತಿತು. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿ ಸ್ಥಾಪಿತವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆ ಕನ್ನಡ ನಾಡಿಗೆ ಸೇರಿದಾಗ ಅದು ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೂ ಹಟ್ಟಿಯಲ್ಲಿ ಪಾಳಿಯ ಮೇಲೆ ಪಾಳಿ ಇಳಿಯುತ್ತಲೇ ಇದೆ.

ಈ ನಡುವೆ ದೇಶದಲ್ಲಿ ಏನಾಯಿತು? ಮುಂಬಯಿ ಮೊದಲಾದ ಕಡೆ ಗಿರಣಿಗಳು ಎದ್ದಾಗ ಹಳ್ಳಿಯಿಂದ ಬಂದ ಸಾವಿರಾರು ಕೂಲಿಗಾರರಿಗೂ ಮಾಲೀಕನಿಗೂ ನಡುವೆ ನಿಂತವನು "ಜಾಬರ್" ಎನಿಸಿಕೊಂಡ ಮೇಸ್ತ್ರಿ. ಕೆಲಸಕ್ಕೆ ಸೇರಿಸುವವನು ಅವನೇ, ಕಲಿಸುವವನೂ ಅವನೇ, ತೆಗೆದುಹಾಕುವವನೂ ಅವನೇ. ಸೇರಿಸಲು ಒಂದು ದಸ್ತೂರಿ, ಉಳಿಸಿಕೊಳ್ಳಲು ಮತ್ತೊಂದು. ಎಷ್ಟೋ ವೇಳೆ ಸಾಲ ಕೊಡುವವನೂ ಅವನೇ ಆಗಿದ್ದ. 1929ರಲ್ಲಿ ನೇಮಕವಾದ ವಿಟ್ಲೆ ಆಯೋಗ ಈ ಏರ್ಪಾಡನ್ನು ಕಣ್ಣಾರೆ ಕಂಡು, ಕೆಲಸಕ್ಕೆ ಸೇರಿಸುವ ಅಧಿಕಾರವನ್ನು ಜಾಬರನಿಂದ ತೆಗೆದು ಕಾರ್ಮಿಕ ಅಧಿಕಾರಿಯೊಬ್ಬನಿಗೆ ಕೊಡಬೇಕೆಂದು 1931ರ ವರದಿಯಲ್ಲಿ ಸಲಹೆ ಮಾಡಿತು.

ಅದೇ ಸುಮಾರಿಗೆ, 1930ರಲ್ಲಿ, ಕೋಲಾರದ ಚಿನ್ನದ ಗಣಿಗಳಲ್ಲಿ ಕೂಲಿಗಾರರ ಹೆಬ್ಬೆರಳಿನ ಗುರುತು ತೆಗೆದುಕೊಳ್ಳುವ ಕ್ರಮ ಬಂತು. ಸಾವಿರಾರು ಮಂದಿ ಮೂರು ವಾರ ಗಣಿಗೆ ಇಳಿಯಲಿಲ್ಲ. ದುಡಿಯುವವನು ಹೊಟ್ಟೆಯೊಂದಕ್ಕೇ ಅಲ್ಲ, ಮಾನಕ್ಕಾಗಿಯೂ ಹೋರಾಡುತ್ತಾನೆಂಬ ಪಾಠ ಅದರಲ್ಲಿತ್ತು. ಲೆಕ್ಕದ ಪುಸ್ತಕ ಮಾತ್ರ ಬಲ್ಲ ಆಡಳಿತಗಾರನಿಗೆ ಆ ಪಾಠ ಅರ್ಥವಾಗುವಂತಿರಲಿಲ್ಲ.

ಹೀಗೆ ಅಗತ್ಯ ಮೊದಲು ಬಂತು, ಪಠ್ಯಕ್ರಮ ಅನಂತರ ಬಂತು. 1936ರಲ್ಲಿ ಮುಂಬಯಿಯಲ್ಲಿ ದೊರಾಬ್ಜಿ ಟಾಟಾ ಅವರ ಹೆಸರಿನಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಶಾಲೆ ಆರಂಭವಾಯಿತು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. 1949ರಲ್ಲಿ ಜಮ್‌ಶೆಡ್‌ಪುರದಲ್ಲಿ ಕ್ಸೇವಿಯರ್ ಕಾರ್ಮಿಕ ಸಂಬಂಧಗಳ ಸಂಸ್ಥೆ ಹುಟ್ಟಿತು. ಕನ್ನಡ ನಾಡಿನ ಮಂಗಳೂರಿನಲ್ಲಿ 1960ರಲ್ಲಿ ರೋಶನಿ ನಿಲಯದ ಸಮಾಜಕಾರ್ಯ ಶಾಲೆ ತೆರೆಯಿತು.

ಈ ಪದವಿಗೆ ಉದ್ಯೋಗವನ್ನು ಒದಗಿಸಿದ್ದು ಕಾನೂನು. 1948ರ ಕಾರ್ಖಾನೆಗಳ ಕಾಯಿದೆ 500 ಮಂದಿ ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿ ಇರಲೇಬೇಕೆಂದಿತು. 1955ರ ಗಣಿ ನಿಯಮಗಳು ಗಣಿಗಳಿಗೂ ಇದನ್ನೇ ವಿಧಿಸಿದವು. 2020ರಲ್ಲಿ ಅಂಗೀಕೃತವಾಗಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆ ಆ ಸಂಖ್ಯೆಯನ್ನು 250ಕ್ಕೆ ಇಳಿಸಿದೆ. ಕುಡಿಯುವ ನೀರು, ವಿಶ್ರಾಂತಿಯ ಕೊಠಡಿ, ಕೂಸುಗಳ ಪಾಲನೆ, ಕುಂದುಕೊರತೆಯ ಅಹವಾಲು, ಇವೆಲ್ಲವೂ ಮಾಲೀಕನ ದಯೆಯಲ್ಲ, ದುಡಿಯುವವನ ಹಕ್ಕು ಎಂಬ ನಿಲುವು ಈ ಕಾಯಿದೆಗಳ ಹಿಂದೆ ಇದೆ.

ಅನಂತರ ಹೆಸರುಗಳು ಬದಲಾದವು. ಮೊದಲು "ಕಾರ್ಮಿಕ ಕಲ್ಯಾಣ" ಎನ್ನುತ್ತಿದ್ದರು. ಆಮೇಲೆ "ಸಿಬ್ಬಂದಿ ನಿರ್ವಹಣೆ" ಎಂದರು. ಈಗ "ಮಾನವ ಸಂಪನ್ಮೂಲ" ಎನ್ನುತ್ತಾರೆ. 1975ರ ಸುಮಾರಿನಲ್ಲಿ ಲಾರ್ಸೆನ್ ಅಂಡ್ ಟೂಬ್ರೋ ಕಂಪನಿಗಾಗಿ ಪ್ರಾಧ್ಯಾಪಕರಾದ ಉದಯ್ ಪಾರೀಕ್ ಮತ್ತು ಟಿ. ವಿ. ರಾವ್ ಅವರು ರೂಪಿಸಿದ ವ್ಯವಸ್ಥೆಯಿಂದ ಮಾನವ ಸಂಪನ್ಮೂಲ ಅಭಿವೃದ್ಧಿ ಎಂಬ ವಿಚಾರ ಭಾರತದಲ್ಲಿ ಬೇರೂರಿತು. 1985ರಿಂದ 2020ರವರೆಗೆ ಕೇಂದ್ರದ ಶಿಕ್ಷಣ ಮಂತ್ರಾಲಯಕ್ಕೇ ಆ ಹೆಸರಿತ್ತು. ಕೆಲಸಗಾರನ ಶಕ್ತಿ ಬೆಳೆಯತಕ್ಕದ್ದು, ಅದನ್ನು ಬೆಳೆಸಬೇಕು ಎಂಬ ಒಳ್ಳೆಯ ಭಾವನೆ ಈ ಮಾತಿನಲ್ಲಿದೆ. ಅದರೊಡನೆ ಒಂದು ಅಪಾಯವೂ ಇದೆ. ಹಟ್ಟಿಯ ಚಿನ್ನವೂ ಸಂಪನ್ಮೂಲವೇ. ಚಿನ್ನವನ್ನು ತೆಗೆದ ಮೇಲೆ ಉಳಿಯುವುದು ಬರಿಯ ಗುಂಡಿ. ಮನುಷ್ಯನನ್ನು ಹಾಗೆ ತೆಗೆದು ಮುಗಿಸಲು ಬರುವುದಿಲ್ಲ.

ಈ ವಿದ್ಯೆಯ ನಿಜವಾದ ಪರೀಕ್ಷೆ ಯಾವುದೆಂದು ತಿಳಿಯಬೇಕಾದರೆ ಸಿಂಧನೂರಿಗೆ ಬರಬೇಕು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಗಿ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಜೋಳದ ಸೀಮೆ ಭತ್ತದ ಸೀಮೆಯಾಯಿತು. ಅಕ್ಕಿ ಗಿರಣಿಗಳು ಎದ್ದವು. ಇಲ್ಲಿ ನಾಟಿ ಹಚ್ಚುವ ಹೆಂಗಸರು ಗುಂಪುಗುತ್ತಿಗೆಯಲ್ಲಿ ದುಡಿಯುತ್ತಾರೆ. ಗಿರಣಿಯ ಚೀಲ ಹೊರುವ ಹಮಾಲರು ಹೊತ್ತಷ್ಟಕ್ಕೆ ಕೂಲಿ ಪಡೆಯುತ್ತಾರೆ. ಕಾಲುವೆಯ ನೀರು ತಲುಪದ ಹಳ್ಳಿಗಳಿಂದ ಮಳೆ ತಪ್ಪಿದ ವರ್ಷ ಮನೆಗೆ ಬೀಗ ಹಾಕಿ ಬೆಂಗಳೂರು, ಪುಣೆಗಳಿಗೆ ಗುಳೆ ಹೋಗುವವರುಂಟು. ಒಂದೇ ಕಡೆ 250 ಮಂದಿ ಸೇರದ ಇಂಥ ಕೆಲಸಗಳಿಗೆ ಕಲ್ಯಾಣಾಧಿಕಾರಿಯೆಲ್ಲಿಂದ ಬರಬೇಕು? 1979ರಲ್ಲಿ ಬಂದ ವಲಸೆ ಕಾರ್ಮಿಕರ ಕಾಯಿದೆಯೂ ರಾಜ್ಯದ ಗಡಿ ದಾಟಿ ಗುತ್ತಿಗೆದಾರನ ಮೂಲಕ ಹೋದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಪುಣೆಗೆ ಹೋದವನು ಅದರ ಲೆಕ್ಕದೊಳಗೆ, ಬೆಂಗಳೂರಿಗೆ ಹೋದವನು ಹೊರಗೆ. ವಿಟ್ಲೆ ಆಯೋಗ ಕಂಡ ಜಾಬರನು ಮುಕಾದಮನೆಂಬ ಹೆಸರಿನಲ್ಲಿ ಇಂದಿಗೂ ಅವರ ಜೊತೆಯಲ್ಲಿಯೇ ಬಸ್ಸು ಹತ್ತುತ್ತಾನೆ.

ಕಲಬುರಗಿಯ ವಿಶ್ವವಿದ್ಯಾನಿಲಯ 1980ರಲ್ಲಿ ಸ್ಥಾಪಿತವಾದ ಮೇಲೆ ಈ ಭಾಗದವರಿಗೆ ಸ್ನಾತಕೋತ್ತರ ಶಿಕ್ಷಣ ಹತ್ತಿರವಾಯಿತು. ಈಗ ರಾಯಚೂರಿನಲ್ಲಿಯೇ ಮಹರ್ಷಿ ವಾಲ್ಮೀಕಿಯ ಹೆಸರಿನ ವಿಶ್ವವಿದ್ಯಾನಿಲಯವಿದೆ. ಈ ಸೀಮೆಯ ತರುಣ ತರುಣಿಯರು ಇಂಥ ಪದವಿಗೆ ಸೇರುವುದಾದರೆ ಹಿರಿಯರು ಅನುಮಾನಿಸಬೇಕಾಗಿಲ್ಲ. ಸಂಬಳ ಸಿಗುವ ವಿದ್ಯೆಯೇ ಸರಿ. ಆದರೆ ಒಂದು ಮಾತನ್ನು ಹೇಳಿ ಕಳುಹಿಸಿರಿ. ಪಠ್ಯದಲ್ಲಿ ಅಮೆರಿಕದ ಕಾರ್ಖಾನೆಗಳ ಪ್ರಯೋಗಗಳು ಬರುತ್ತವೆ. ಅವನ್ನು ಓದಲಿ. ರಜೆಯಲ್ಲಿ ಊರಿಗೆ ಬಂದಾಗ ಹಟ್ಟಿಯ ಗಣಿಯ ಬಾಗಿಲಲ್ಲಿ ಪಾಳಿ ಬದಲಾಗುವುದನ್ನು ನೋಡಲಿ. ಸಿಂಧನೂರಿನ ಗಿರಣಿಯ ಹಮಾಲನನ್ನು ಅವನ ಕೂಲಿ, ಅವನ ಬೆನ್ನುನೋವು, ಅವನ ಮಕ್ಕಳ ಶಾಲೆ ಇವುಗಳ ಬಗ್ಗೆ ಕೇಳಲಿ. ಬ್ರಹ್ಮಗಿರಿಯ ಕಲ್ಲಿನ ಮೇಲೆ ಅಧಿಕಾರಿಯ ಕ್ಷೇಮವನ್ನು ಮೊದಲು ಕೇಳಿ ಆಮೇಲೆ ಆಜ್ಞೆ ಹೇಳಿದ್ದಾರೆ. ಆ ಕ್ಷೇಮವಿಚಾರಣೆ ಹಮಾಲನವರೆಗೆ ಇಳಿಯುವುದಿನ್ನೂ ಬಾಕಿ ಇದೆ.